ಒಂದೇ ಸಂಖ್ಯೆಗೆ ಇಬ್ಬರು ಹಕ್ಕುದಾರರು: ಯಂತ್ರದ ನಿರಾಕರಣೆ, ಆಡಳಿತದ ಉತ್ತರ

2025ರ ಮೇ 22, ಬೆಳಗ್ಗೆ 10 ಗಂಟೆ. ಹವಾನಿಯಂತ್ರಿತ ದರ್ಜೆಗಳ ತತ್ಕಾಲ್ ಬುಕಿಂಗ್ ಆರಂಭವಾದ ಆ ಒಂದು ನಿಮಿಷದಲ್ಲಿ ಐಆರ್‌ಸಿಟಿಸಿ ಮೂಲಕ 31,814 ಟಿಕೆಟ್‌ಗಳು ಬುಕ್ ಆದವು. ಒಂದೇ ನಿಮಿಷದಲ್ಲಿ ಇಷ್ಟು ಟಿಕೆಟ್ ಹಿಂದೆಂದೂ ವಿತರಣೆಯಾಗಿರಲಿಲ್ಲ ಎಂದು ರೈಲ್ವೆ ಸಚಿವಾಲಯ ಹೇಳಿಕೊಂಡಿತು. ಅಂದರೆ ಪ್ರತಿ ಸೆಕೆಂಡಿಗೆ 500ಕ್ಕೂ ಹೆಚ್ಚು. ಹೆಮ್ಮೆಪಡಬೇಕಾದ ಸಾಧನೆಯೇ ಸರಿ. ಆದರೆ ಟಿಕೆಟ್ ಪಡೆದವರ ಲೆಕ್ಕದಲ್ಲಿ ಕಾಣದ ಇನ್ನೊಂದು ಸಮೂಹವಿದೆ. ಅದೇ ಕ್ಷಣದಲ್ಲಿ, ಅದೇ ರೈಲಿಗೆ ಗುಂಡಿ ಒತ್ತಿ, ಖಾಲಿ ಎಂದು ತೋರಿದ ಸೀಟು ಕೈತಪ್ಪಿ ಕುಳಿತವರು ಅವರು. ಅವರಲ್ಲಿ ಕೆಲವರಿಗೆ ಸೀಟು ಇಲ್ಲ ಎಂಬ ಉತ್ತರ ಬಂದಿರುತ್ತದೆ. ಕೆಲವರ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಇನ್ನು ಕೆಲವರ ಖಾತೆಯಿಂದ ಹಣ ಕಡಿತವಾಗಿ, ಟಿಕೆಟ್ ಮಾತ್ರ ಬಂದಿರುವುದಿಲ್ಲ.

ಒಂದು ದಿನಾಂಕದ, ಒಂದು ರೈಲಿನ, ಒಂದು ಬೋಗಿಯ, ಒಂದು ಸಂಖ್ಯೆಯ ಬರ್ತ್ ಒಬ್ಬರಿಗೆ ಮಾತ್ರ ಸಲ್ಲಬೇಕು. ಎರಡನೆಯವರಿಗೆ ‘ಇಲ್ಲ’ ಎನ್ನದೆ ಗತ್ಯಂತರವಿಲ್ಲ. ಹಾಗೆ ‘ಇಲ್ಲ’ ಎನ್ನುವ ಕಾವಲುಗಾರ ಸರ್ವರ್‌ಗಳೊಳಗಿನ ಡೇಟಾಬೇಸ್‌ನಲ್ಲಿ ಇರುತ್ತಾನೆ. ತಂತ್ರಜ್ಞರ ಭಾಷೆಯಲ್ಲಿ ಅವನ ಆಯುಧದ ಹೆಸರು ‘ಯೂನಿಕ್ ಕೀ’, ಎಂದರೆ ಒಮ್ಮೆ ದಾಖಲಾದ ಗುರುತನ್ನು ಮತ್ತೊಮ್ಮೆ ದಾಖಲಿಸಲು ಬಿಡದ ನಿಯಮ. ಆ ನಿಯಮವನ್ನು ಮೀರಲು ಯತ್ನಿಸಿದಾಗ ಹೊರಬೀಳುವ ಸಂದೇಶವೇ ‘ಡೂಪ್ಲಿಕೇಟ್ ಕೀ’ ದೋಷ. ಈ ಸಂದೇಶವನ್ನು ಹೇಗೆ ನಿರ್ವಹಿಸಬೇಕು ಎಂಬುದು ಇದುವರೆಗೆ ಸಾಫ್ಟ್‌ವೇರ್ ಉದ್ಯೋಗಿಗಳ ಊಟದ ವಿರಾಮದ ಚರ್ಚೆಯಾಗಿಯೇ ಉಳಿದಿದೆ. ಆದರೆ ಟಿಕೆಟ್, ತೆರಿಗೆ, ಹಣ ಪಾವತಿ, ಮತದಾರರ ಗುರುತಿನ ಚೀಟಿ ಎಲ್ಲವೂ ಡೇಟಾಬೇಸ್‌ನ ಸಾಲುಗಳಾಗಿ ಪರಿವರ್ತನೆಗೊಂಡಿರುವ ಈ ಕಾಲದಲ್ಲಿ ಅದು ಆಡಳಿತದ ಪ್ರಶ್ನೆಯೂ ಆಗಿದೆ. ಕಳೆದ ಕೆಲವು ವರ್ಷಗಳಲ್ಲಿ ದೇಶದಲ್ಲಿ ನಡೆದ ಮೂರು ಪ್ರತ್ಯೇಕ ಬೆಳವಣಿಗೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಒಂದೇ ಲೇಖನಿಯ ಕಾಲ

ಸಮಸ್ಯೆ ಹೊಸದಲ್ಲ. 1908ರ ನೋಂದಣಿ ಕಾಯ್ದೆಯ 53ನೇ ಕಲಮು, ಉಪ ನೋಂದಣಾಧಿಕಾರಿಯ ಪುಸ್ತಕದಲ್ಲಿನ ಪ್ರತಿ ನಮೂದಿಗೂ ಅನುಕ್ರಮ ಸಂಖ್ಯೆ ಇರಬೇಕು, ಆ ಸರಣಿ ವರ್ಷದೊಂದಿಗೆ ಆರಂಭಗೊಂಡು ವರ್ಷದೊಂದಿಗೆ ಮುಗಿಯಬೇಕು ಎಂದು ವಿಧಿಸುತ್ತದೆ. ಅದಕ್ಕೂ ಹಿಂದಿನ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 48ನೇ ಕಲಮು ಇನ್ನೂ ನೇರವಾಗಿದೆ. ಒಂದೇ ಸ್ವತ್ತಿನ ಮೇಲೆ ಒಬ್ಬನೇ ವ್ಯಕ್ತಿ ಬೇರೆ ಬೇರೆ ಕಾಲದಲ್ಲಿ ಹಕ್ಕುಗಳನ್ನು ಸೃಷ್ಟಿಸಿದ್ದು, ಅವು ಒಟ್ಟಿಗೆ ನಿಲ್ಲಲಾರವು ಎಂದಾದರೆ, ನಂತರದ್ದು ಮೊದಲಿನದಕ್ಕೆ ಅಧೀನ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಮಹಾನುಭಾವರು ಆ ಕಾಲದಲ್ಲೂ ಇದ್ದರು ಎಂಬುದಕ್ಕೆ ಈ ಕಲಮೇ ಸಾಕ್ಷಿ.

ಆ ವ್ಯವಸ್ಥೆಯಲ್ಲಿ ಸಂಖ್ಯೆ ಮರುಕಳಿಸದಿರಲು ಕಾರಣ ಸರಳ. ಕಚೇರಿಯಲ್ಲಿ ಪುಸ್ತಕ ಒಂದೇ, ಬರೆಯುವ ಲೇಖನಿಯೂ ಒಂದೇ. 412ರ ನಂತರ 413 ಬರೆದ ಗುಮಾಸ್ತ, ಮುಂದಿನವರಿಗೆ ಮತ್ತೆ 413 ಬರೆಯುವ ಪ್ರಮೇಯವೇ ಇರಲಿಲ್ಲ. ಸರತಿ ಉದ್ದವಾಗುತ್ತಿತ್ತು, ಕೈ ಬೆಚ್ಚಗೆ ಮಾಡಿದವರ ಕಾಗದ ಮುಂದಕ್ಕೆ ಸರಿಯುತ್ತಿತ್ತು. ಅದು ಬೇರೆಯೇ ರೋಗ. ಆದರೆ ಸಂಖ್ಯೆ ಮಾತ್ರ ಎರಡಾಗುತ್ತಿರಲಿಲ್ಲ.

ಗಣಕೀಕರಣ ಕಿತ್ತುಕೊಂಡದ್ದು ಈ ಒಂದೇ ಲೇಖನಿಯನ್ನು. ಈಗ ಒಂದೇ ಪುಸ್ತಕದಲ್ಲಿ ಸಾವಿರಾರು ಲೇಖನಿಗಳು ಏಕಕಾಲಕ್ಕೆ ಬರೆಯುತ್ತಿರುತ್ತವೆ. ಆ ಬರವಣಿಗೆಗಳಲ್ಲಿ ಗೊಂದಲವಾಗದಂತೆ, ಒಂದು ಕೆಲಸ ಪೂರ್ತಿಯಾಗಿ ಆಗಬೇಕು ಇಲ್ಲವೇ ಆಗಲೇ ಇಲ್ಲ ಎಂಬಂತೆ ಅಳಿಸಿಹೋಗಬೇಕು ಎಂಬ ತತ್ವದ ಮೇಲೆ ಡೇಟಾಬೇಸ್‌ಗಳು ನಿಂತಿವೆ. ಇಂತಹ ಪ್ರತಿಯೊಂದು ಕೆಲಸದ ಕಟ್ಟಿಗೆ ‘ಟ್ರಾನ್ಸಾಕ್ಷನ್’ ಎಂದು ಹೆಸರು. ಈ ತತ್ವಕ್ಕೆ ಖಚಿತ ರೂಪ ಕೊಟ್ಟವರಲ್ಲಿ ಪ್ರಮುಖರಾದ ಅಮೆರಿಕದ ಜಿಮ್ ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ನೋಡಿದ್ದಕ್ಕೂ ಬರೆದದ್ದಕ್ಕೂ ನಡುವೆ

ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತಿಳಿಯಲು ನಗರದ ಯಾವುದೇ ದೊಡ್ಡ ದಿನಸಿ ಅಂಗಡಿಯ ಎರಡು ಬಿಲ್ಲಿಂಗ್ ಕೌಂಟರ್‌ಗಳನ್ನು ಗಮನಿಸಿದರೆ ಸಾಕು. ಕೇಂದ್ರ ಜಿಎಸ್‌ಟಿ ನಿಯಮಗಳ 46ನೇ ನಿಯಮದಂತೆ ಪ್ರತಿ ತೆರಿಗೆ ಬಿಲ್ಲಿಗೂ 16 ಅಕ್ಷರ ಮೀರದ ಅನುಕ್ರಮ ಸಂಖ್ಯೆ ಇರಬೇಕು, ಅದು ಆ ಹಣಕಾಸು ವರ್ಷದಲ್ಲಿ ಮತ್ತೊಂದು ಬಿಲ್ಲಿಗೆ ಬರಕೂಡದು. ಅಂಗಡಿಯ ತಂತ್ರಾಂಶ ಏನು ಮಾಡುತ್ತದೆ? ಕೊನೆಯ ಬಿಲ್ಲಿನ ಸಂಖ್ಯೆ ಯಾವುದು ಎಂದು ಕೇಳಿ, ಅದಕ್ಕೆ ಒಂದು ಕೂಡಿಸಿ, ಹೊಸ ಬಿಲ್ಲನ್ನು ಬರೆಯುತ್ತದೆ. ಒಂದೇ ಕೌಂಟರ್ ಇದ್ದಾಗ ಇದು ವರ್ಷಗಟ್ಟಲೆ ನಿರ್ವಿಘ್ನವಾಗಿ ನಡೆದೀತು. ಹಬ್ಬದ ಮುನ್ನಾದಿನ ಎರಡು ಕೌಂಟರ್‌ಗಳಲ್ಲೂ ನೂಕುನುಗ್ಗಲು ಇದ್ದಾಗ, ಇಬ್ಬರೂ ಗುಮಾಸ್ತರು ಒಂದೇ ಕ್ಷಣದಲ್ಲಿ ‘ಕೊನೆಯದು 1040’ ಎಂಬ ಉತ್ತರ ಪಡೆಯುತ್ತಾರೆ. ಇಬ್ಬರೂ 1041 ಬರೆಯಲು ಹೊರಡುತ್ತಾರೆ. ನೋಡಿದ ಕ್ಷಣಕ್ಕೂ ಬರೆದ ಕ್ಷಣಕ್ಕೂ ನಡುವೆ ಸೆಕೆಂಡಿನ ನೂರನೇ ಒಂದು ಭಾಗದ ಅಂತರವಿದ್ದರೂ ಅನಾಹುತಕ್ಕೆ ಅಷ್ಟು ಸಾಕು.

ತಂತ್ರಾಂಶ ಬರೆದವರು ಇದನ್ನು ತಡೆಯಲು ‘ಬರೆಯುವ ಮುನ್ನ ಇನ್ನೊಮ್ಮೆ ಪರೀಕ್ಷಿಸು’ ಎಂಬ ಸಾಲು ಸೇರಿಸುವುದುಂಟು. ಇದು ನಿರುಪಯುಕ್ತ. ಪರೀಕ್ಷೆಗೂ ಬರವಣಿಗೆಗೂ ನಡುವೆ ಮತ್ತೆ ಅದೇ ಬಿರುಕು ಇದ್ದೇ ಇರುತ್ತದೆ. ಬೀಗ ಹಾಕಿದೆಯೇ ಎಂದು ನೋಡಿ ಬರುವುದಕ್ಕೂ ಬೀಗ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು.

ನಿಜವಾದ ರಕ್ಷಣೆ ದೊರೆಯುವುದು ಡೇಟಾಬೇಸ್‌ನಲ್ಲಿಯೇ ಯೂನಿಕ್ ಕೀ ಘೋಷಿಸಿದಾಗ. ಆಗ ನಡೆಯುವ ಪ್ರಕ್ರಿಯೆ ಕುತೂಹಲಕರ. ಮೊದಲ ಕೌಂಟರಿನ ಟ್ರಾನ್ಸಾಕ್ಷನ್ 1041 ಎಂದು ಬರೆದಿದೆ, ಆದರೆ ಇನ್ನೂ ಅಂತಿಮಗೊಳಿಸಿಲ್ಲ ಎಂದು ಭಾವಿಸಬಹುದು. ಎರಡನೆಯದು ಅದೇ 1041 ಬರೆಯಲು ಬಂದಾಗ ಡೇಟಾಬೇಸ್ ಅದನ್ನು ಕೂಡಲೇ ತಿರಸ್ಕರಿಸುವುದಿಲ್ಲ, ನಿಲ್ಲಿಸಿ ಕಾಯಿಸುತ್ತದೆ. ಮೊದಲಿನದು ಅಂತಿಮಗೊಂಡರೆ ಎರಡನೆಯದಕ್ಕೆ ಡೂಪ್ಲಿಕೇಟ್ ಕೀ ದೋಷ. ಮೊದಲಿನ ಗ್ರಾಹಕ ಮನಸ್ಸು ಬದಲಿಸಿ ಬಿಲ್ಲು ರದ್ದಾದರೆ, ಕಾದು ನಿಂತ ಎರಡನೆಯದು ಯಾವ ತಕರಾರೂ ಇಲ್ಲದೆ ಒಳಹೋಗುತ್ತದೆ. ಒರೇಕಲ್‌ನಲ್ಲಿ ಈ ದೋಷದ ಸಂಖ್ಯೆ ಒಆರ್‌ಎ-00001, ಮೈಎಸ್‌ಕ್ಯೂಎಲ್‌ನಲ್ಲಿ 1062, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 23505. ಒರೇಕಲ್ ತನ್ನ ದೋಷಗಳ ಉದ್ದನೆಯ ಪಟ್ಟಿಯಲ್ಲಿ ಇದಕ್ಕೇ ಮೊದಲನೇ ಸಂಖ್ಯೆ ಕೊಟ್ಟಿರುವುದು ಗಮನಾರ್ಹ.

ಈ ಸಂದೇಶ ಬಂದಿತೆಂದರೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂದೇ ಅರ್ಥ. ಆದರೆ ಬಹುತೇಕ ತಂತ್ರಾಂಶಗಳು ಅದನ್ನು ಅಪಘಾತದಂತೆ ಕಾಣುತ್ತವೆ. ‘ತಾಂತ್ರಿಕ ದೋಷ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂದು ಪರದೆಯ ಮೇಲೆ ಎಸೆದು ಕೈತೊಳೆದುಕೊಳ್ಳುವುದು ಒಂದು ಬಗೆ. ದೋಷವನ್ನು ಸದ್ದಿಲ್ಲದೆ ನುಂಗಿ ‘ಯಶಸ್ವಿಯಾಗಿದೆ’ ಎಂದುಬಿಡುವುದು ಅದಕ್ಕಿಂತ ಅಪಾಯಕಾರಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ 2016ರ ಜನವರಿಯಲ್ಲಿ ಹೊರತಂದ 9.5ನೇ ಆವೃತ್ತಿಯಲ್ಲಿ ‘ಆನ್ ಕಾನ್‌ಫ್ಲಿಕ್ಟ್’ ಎಂಬ ಸೌಲಭ್ಯವನ್ನು ಒದಗಿಸಿತು. ಘರ್ಷಣೆ ಉಂಟಾದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಹೇಳಿಡುವ ಸೌಲಭ್ಯ ಅದು. ಅತ್ಯಂತ ಉಪಯುಕ್ತ, ಆದರೆ ‘ಏನೂ ಮಾಡಬೇಡ’ ಎಂದು ಹೇಳಿಡಲೂ ಅದರಲ್ಲಿ ಅವಕಾಶವಿದೆ. ಹಾಗೆ ಹೇಳಿಟ್ಟು, ಸಾಲು ನಿಜಕ್ಕೂ ಸೇರಿತೇ ಎಂದು ಎಣಿಸಿ ನೋಡದ ತಂತ್ರಾಂಶವು ಬೇರೊಬ್ಬರ ಹೆಸರಿನಲ್ಲಿರುವ ಸಾಲನ್ನು ಮುಂದಿಟ್ಟುಕೊಂಡು ಅರ್ಜಿದಾರರಿಗೆ ಅಭಿನಂದನೆ ಸಲ್ಲಿಸುತ್ತದೆ.

ಸರಿಯಾದ ಉತ್ತರ ಯಾವುದು ಎಂಬುದು ಮೊದಲೇ ದಾಖಲಾಗಿರುವ ಸಾಲು ಯಾರದು ಎಂಬುದನ್ನು ಅವಲಂಬಿಸಿದೆ. ಅದು ಅದೇ ಅರ್ಜಿದಾರರದ್ದೇ ಆಗಿದ್ದರೆ, ಅಂದರೆ ಅವರೇ ಎರಡನೇ ಬಾರಿ ಗುಂಡಿ ಒತ್ತಿದ್ದರೆ, ಹಳೆಯ ರಸೀದಿಯನ್ನೇ ಮತ್ತೊಮ್ಮೆ ಕೊಡಬೇಕು. ಬೇರೆಯವರದ್ದಾಗಿದ್ದರೆ ‘ಇದು ಈಗಾಗಲೇ ಹೋಗಿದೆ’ ಎಂದು ನೇರವಾಗಿ ತಿಳಿಸಬೇಕು. ಅಂಗಡಿಯ ಬಿಲ್ಲಿನಂತೆ ಯಾವ ಸಂಖ್ಯೆಯಾದರೂ ನಡೆಯುವಂತಿದ್ದರೆ ಇಡೀ ಟ್ರಾನ್ಸಾಕ್ಷನ್ ಅನ್ನು ಹೊಸ ಸಂಖ್ಯೆಯೊಂದಿಗೆ ಮೊದಲಿನಿಂದ ನಡೆಸಬೇಕು. ಒಂದು ಸಂದರ್ಭದ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟಾಗಲೇ ಜನರ ಹಣವೂ ಸಮಯವೂ ಹಾಳಾಗುವುದು. ಹೊಸ ಸಂಖ್ಯೆಯೊಂದಿಗೆ ಮರುಯತ್ನಿಸುವುದು ದಿನಸಿ ಬಿಲ್ಲಿಗೆ ಸರಿ, ಹಣ ಪಾವತಿಗೆ ಅದೇ ವಿಧಾನ ವಿಪತ್ತು.

2150 ಎಂಬ ಉತ್ತರ

ಈ ದೃಷ್ಟಿಯಿಂದ ಸರ್ಕಾರಿ ವ್ಯವಸ್ಥೆಯೊಂದನ್ನು ಮೆಚ್ಚಬೇಕಾದ ಅಪರೂಪದ ಉದಾಹರಣೆ ಜಿಎಸ್‌ಟಿಯ ಇ-ಇನ್‌ವಾಯ್ಸ್. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ. ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಆರಂಭವಾದ ಈ ಪದ್ಧತಿಯು 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದವರಿಗೂ ಕಡ್ಡಾಯವಾಯಿತು. ಅದರಂತೆ ಸಂಸ್ಥೆಯು ತನ್ನ ಬಿಲ್ಲನ್ನು ನೋಂದಣಿ ಪೋರ್ಟಲ್‌ಗೆ ಕಳುಹಿಸಿ, 64 ಅಕ್ಷರಗಳ ‘ಐಆರ್‌ಎನ್’ ಎಂಬ ಸಂಖ್ಯೆ ಪಡೆಯಬೇಕು. ನಿಯಮ 48ರ ಪ್ರಕಾರ ಇದನ್ನು ಪಡೆಯಬೇಕಾದವರು ಪಡೆಯದೆ ಕೊಟ್ಟ ಬಿಲ್ಲು ಬಿಲ್ಲೇ ಅಲ್ಲ.

ಈ ಐಆರ್‌ಎನ್ ಆಕಸ್ಮಿಕ ಸಂಖ್ಯೆಯಲ್ಲ. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ ಮತ್ತು ಬಿಲ್ಲಿನ ಸಂಖ್ಯೆ, ಈ ನಾಲ್ಕರಿಂದ ಗಣಿತದ ಸೂತ್ರದ ಮೂಲಕ ಅದು ಹುಟ್ಟುತ್ತದೆ. ಆದ್ದರಿಂದ ಒಂದೇ ಬಿಲ್ಲನ್ನು ಹತ್ತು ಬಾರಿ ಕಳುಹಿಸಿದರೂ ಹತ್ತು ಬಾರಿಯೂ ಹುಟ್ಟುವುದು ಅದೇ ಐಆರ್‌ಎನ್. ಎರಡನೇ ಬಾರಿ ಕಳುಹಿಸಿದವರಿಗೆ ಪೋರ್ಟಲ್ 2150 ಎಂಬ ದೋಷ ಸಂಖ್ಯೆಯನ್ನು ಹಿಂದಿರುಗಿಸುತ್ತದೆ, ‘ಡೂಪ್ಲಿಕೇಟ್ ಐಆರ್‌ಎನ್’ ಎಂದು ಅದರ ಅರ್ಥ. ಅಷ್ಟಕ್ಕೇ ಬಿಡದೆ, ಮೊದಲು ನೀಡಿದ ಐಆರ್‌ಎನ್, ಸ್ವೀಕೃತಿ ಸಂಖ್ಯೆ ಮತ್ತು ಸ್ವೀಕೃತಿಯ ದಿನಾಂಕವನ್ನೂ ಅದೇ ಉತ್ತರದೊಂದಿಗೆ ಲಗತ್ತಿಸುತ್ತದೆ.

ಇದರ ಮಹತ್ವ ಅರಿವಾಗುವುದು ಕಾರ್ಖಾನೆಯ ಗೇಟಿನಲ್ಲಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸರಕು ತುಂಬಿದ ಲಾರಿ ಸಂಜೆ ಹೊರಡಲು ಸಿದ್ಧವಾಗಿದೆ, ಬಿಲ್ಲು ಪೋರ್ಟಲ್‌ಗೆ ಹೋಗಿದೆ, ಅಷ್ಟರಲ್ಲಿ ಇಂಟರ್‌ನೆಟ್ ಕಡಿತವಾಗಿ ಉತ್ತರ ಬರಲಿಲ್ಲ ಎಂದು ಭಾವಿಸಬಹುದು. ಬಿಲ್ಲು ನೋಂದಣಿಯಾಗಿದೆಯೋ ಇಲ್ಲವೋ ಕಾರ್ಖಾನೆಯ ಗಣಕಯಂತ್ರಕ್ಕೆ ತಿಳಿಯದು. ಅದು ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ, 2150ರ ಜತೆ ಹಳೆಯ ಐಆರ್‌ಎನ್ ಬರುತ್ತದೆ, ಲಾರಿ ಹೊರಡುತ್ತದೆ. ಆದರೆ ಲೆಕ್ಕಪತ್ರ ತಂತ್ರಾಂಶ ಬರೆದವರು 2150 ಅನ್ನು ಬರೀ ವೈಫಲ್ಯವೆಂದು ಭಾವಿಸಿ ಹೊಸ ಬಿಲ್ ಸಂಖ್ಯೆಯೊಂದಿಗೆ ಮರುಯತ್ನಿಸುವಂತೆ ಮಾಡಿದ್ದರೆ, ಒಂದೇ ಮಾರಾಟಕ್ಕೆ ಎರಡು ಐಆರ್‌ಎನ್ ಹುಟ್ಟಿ, ಎರಡೂ ಜಿಎಸ್‌ಟಿಆರ್-1 ವಿವರಪಟ್ಟಿಗೆ ತಾವಾಗಿಯೇ ಇಳಿಯುತ್ತವೆ. ಪೋರ್ಟಲ್‌ನಲ್ಲಿ ಒಂದನ್ನು ರದ್ದುಪಡಿಸಲು ಇರುವ ಗಡುವು 24 ಗಂಟೆ ಮಾತ್ರ. ರದ್ದಾದ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಪೋರ್ಟಲ್ ಸರಿಯಾದ ಉತ್ತರವನ್ನೇ ಕೊಟ್ಟಿತ್ತು, ಅದನ್ನು ಓದುವ ವ್ಯವಧಾನ ಈಚೆಯ ತಂತ್ರಾಂಶಕ್ಕೆ ಇರಲಿಲ್ಲ, ಅಷ್ಟೆ.

ಇಲ್ಲಿಯೂ ಒಂದು ಕಿಂಡಿ ಉಳಿದಿತ್ತು. ಬಿಲ್ಲಿನ ಸಂಖ್ಯೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿದರೆ ಒಂದು ಐಆರ್‌ಎನ್, ದೊಡ್ಡ ಅಕ್ಷರ ಬಳಸಿದರೆ ಇನ್ನೊಂದು ಹುಟ್ಟುತ್ತಿತ್ತು. ಕನ್ನಡ ಲಿಪಿಯಲ್ಲಿ ಇಲ್ಲದ ಈ ಭೇದ ಒಂದೇ ಬಿಲ್ಲನ್ನು ಯಂತ್ರದ ಕಣ್ಣಿಗೆ ಎರಡಾಗಿಸುತ್ತಿತ್ತು. 2025ರ ಜೂನ್ 1ರಿಂದ ಬಿಲ್ಲಿನ ಸಂಖ್ಯೆಯ ಅಕ್ಷರಗಳನ್ನೆಲ್ಲ ದೊಡ್ಡಕ್ಷರಕ್ಕೆ ಪರಿವರ್ತಿಸಿದ ಬಳಿಕವೇ ಐಆರ್‌ಎನ್ ರಚಿಸುವ ಕ್ರಮ ಜಾರಿಗೆ ಬಂದಿದೆ. ಯಾವುದು ‘ಒಂದೇ’, ಯಾವುದು ‘ಬೇರೆ’ ಎಂಬುದನ್ನು ಮೊದಲು ನಿರ್ಧರಿಸದೆ ಕಾವಲುಗಾರನನ್ನು ನಿಲ್ಲಿಸಿ ಪ್ರಯೋಜನವಿಲ್ಲ ಎಂಬುದು ಜಾರಿಯಾಗಿ ಐದು ವರ್ಷಗಳಾಗುವ ಹೊತ್ತಿಗೆ ಮನವರಿಕೆಯಾಯಿತು.

ಮತ್ತೆ ಮತ್ತೆ ಒತ್ತಿದ ಗುಂಡಿ

ಯುಪಿಐ ವಿಚಾರ ಇದಕ್ಕಿಂತ ಸೂಕ್ಷ್ಮ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ನಡೆದ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಪ್ರತಿ ವಹಿವಾಟಿಗೂ 35 ಅಕ್ಷರಗಳ ಗುರುತು ಸಂಖ್ಯೆ ಇರುತ್ತದೆ. ಅಂಕಿ ಮತ್ತು ಅಕ್ಷರಗಳ ಹೊರತು ಬೇರಾವ ಚಿಹ್ನೆಯೂ ಅದರಲ್ಲಿ ಇರಕೂಡದು, ಇದ್ದರೆ ಅಂತಹ ವಹಿವಾಟು ತಿರಸ್ಕೃತವಾಗುತ್ತದೆ ಎಂಬ ನಿಯಮವನ್ನು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) 2025ರ ಫೆಬ್ರುವರಿ 1ರಿಂದ ಕಟ್ಟುನಿಟ್ಟಾಗಿ ಜಾರಿಗೊಳಿಸಿತು. ಅದೇ ಗುರುತಿನ ಕೋರಿಕೆ ಎರಡನೇ ಬಾರಿ ಬಂದರೆ ಅದನ್ನು ತಡೆಯಲು ಸಾಧ್ಯವಾಗುವುದು ಈ ಸಂಖ್ಯೆಯಿಂದಲೇ.

ಆದರೆ ಗ್ರಾಹಕರ ಅನುಭವದಲ್ಲಿ ದ್ವಿಪಾವತಿ ಘಟಿಸುವ ರೀತಿ ಬೇರೆ. ಅಂಗಡಿಯಲ್ಲಿ ಕ್ಯುಆರ್ ಸಂಕೇತ ಸ್ಕ್ಯಾನ್ ಮಾಡಿ 840 ರೂ. ಪಾವತಿಸಿದ ಗ್ರಾಹಕರ ಮೊಬೈಲಿನಲ್ಲಿ ‘ಪ್ರಗತಿಯಲ್ಲಿದೆ’ ಎಂಬ ಸಂದೇಶ ನಿಂತುಬಿಡುತ್ತದೆ. ಅಂಗಡಿಯ ಧ್ವನಿಪೆಟ್ಟಿಗೆ ಮೌನವಾಗಿರುತ್ತದೆ. ಹಿಂದೆ ಸರತಿಯಲ್ಲಿ ನಿಂತವರ ಗೊಣಗಾಟ. ಗ್ರಾಹಕರು ಹಿಂದಕ್ಕೆ ಬಂದು ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ಈಗ ಆ್ಯಪ್ ಹೊಸ ಗುರುತು ಸಂಖ್ಯೆಯನ್ನು ಸೃಷ್ಟಿಸುತ್ತದೆ. ಕೇಂದ್ರ ವ್ಯವಸ್ಥೆಯ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ, ಎರಡೂ ಸಕ್ರಮ. ಯಾವ ಡೂಪ್ಲಿಕೇಟ್ ಕೀ ದೋಷವೂ ಹುಟ್ಟುವುದಿಲ್ಲ. ಹಣ ಎರಡು ಬಾರಿ ಹೋಗುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ವಿಫಲ ವಹಿವಾಟುಗಳಿಗೆ ಗಡುವು ನಿಗದಿಪಡಿಸಿದೆ. ಯುಪಿಐ ಮೂಲಕ ಕಳುಹಿಸಿದ ಹಣ ಕಡಿತವಾಗಿ ಸ್ವೀಕರಿಸುವವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಮಾಡಿದ ಪಾವತಿ ಖಚಿತವಾಗದಿದ್ದರೆ ಐದು ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕು, ತಪ್ಪಿದರೆ ದಿನಕ್ಕೆ 100 ರೂ. ಪರಿಹಾರ. ಗ್ರಾಹಕಪರವಾದ ಉತ್ತಮ ನಿಯಮ, ನಿಸ್ಸಂದೇಹ. ಆದರೆ ಅದರ ವ್ಯಾಪ್ತಿ ‘ವಿಫಲ’ ವಹಿವಾಟುಗಳಿಗೆ ಸೀಮಿತ. ಎರಡು ಬಾರಿ ಯಶಸ್ವಿಯಾದದ್ದು ವಿಫಲವಲ್ಲವಲ್ಲ! ಅಲ್ಲಿ ಗ್ರಾಹಕರು ಅಂಗಡಿಯವರ ಸೌಜನ್ಯವನ್ನು ಅವಲಂಬಿಸಬೇಕು. ಒಂದು ಖರೀದಿಗೆ ಒಂದೇ ಗುರುತು ಅಂಟಿಕೊಂಡು, ಮರುಯತ್ನದಲ್ಲೂ ಅದೇ ಗುರುತು ಹೋಗುವಂತಿದ್ದರೆ ಯಂತ್ರವೇ ಎರಡನೆಯದನ್ನು ತಡೆದೀತು. ಅಂಗಡಿಯ ಗೋಡೆಗೆ ಅಂಟಿಸಿದ ಸ್ಥಿರ ಕ್ಯುಆರ್ ಹಾಳೆಯಲ್ಲಿ ಖರೀದಿಯ ಸಂಖ್ಯೆ ಎಂಬುದೇ ಇರುವುದಿಲ್ಲವಾದ್ದರಿಂದ ಅದಕ್ಕೆ ಅವಕಾಶವಿಲ್ಲ. ಪ್ರತಿ ಬಿಲ್ಲಿಗೂ ಹೊಸದಾಗಿ ಪರದೆಯ ಮೇಲೆ ಮೂಡುವ ಕ್ಯುಆರ್‌ನಲ್ಲಿ ಅದು ಸಾಧ್ಯ.

ಉತ್ತರ ಸಿಗದಿದ್ದಾಗ ಮತ್ತೆ ಮತ್ತೆ ಕೇಳುವ ಚಾಳಿ ಮನುಷ್ಯರಿಗಷ್ಟೇ ಸೀಮಿತವಲ್ಲ, ಬ್ಯಾಂಕುಗಳ ಸರ್ವರ್‌ಗಳಿಗೂ ಇದೆ. 2025ರ ಏಪ್ರಿಲ್ 12ರ ಶನಿವಾರ ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ಅಸ್ತವ್ಯಸ್ತಗೊಂಡಿತು. ವಹಿವಾಟು ಏನಾಯಿತು ಎಂದು ವಿಚಾರಿಸುವ ‘ಚೆಕ್ ಟ್ರಾನ್ಸಾಕ್ಷನ್’ ಕೋರಿಕೆಗಳನ್ನು ಕೆಲವು ಬ್ಯಾಂಕುಗಳು ಪ್ರವಾಹದೋಪಾದಿಯಲ್ಲಿ ಕಳುಹಿಸಿದ್ದು, ಹಳೆಯ ವಹಿವಾಟುಗಳ ಬಗ್ಗೆಯೂ ಪದೇ ಪದೇ ವಿಚಾರಿಸಿದ್ದು ಇದಕ್ಕೆ ಕಾರಣವೆಂದು ಎನ್‌ಪಿಸಿಐ ವಿಶ್ಲೇಷಣೆಯಲ್ಲಿ ಕಂಡುಬಂದಿತು. ದ್ವಿಪಾವತಿ ತಡೆಯಲೆಂದೇ ಇರುವ ‘ಮೊದಲು ವಿಚಾರಿಸು’ ಎಂಬ ವಿವೇಕ ಮಿತಿಮೀರಿ ವ್ಯವಸ್ಥೆಯನ್ನೇ ಉಸಿರುಗಟ್ಟಿಸಿತ್ತು. ಒಂದು ವಹಿವಾಟಿನ ಬಗ್ಗೆ ಎರಡು ಗಂಟೆಗಳಲ್ಲಿ ಗರಿಷ್ಠ ಮೂರು ಬಾರಿ ಮಾತ್ರ ವಿಚಾರಿಸಬೇಕು ಎಂಬ ಮಿತಿಗೆ ಆ ಬಳಿಕ ಬಿಗಿ ಬಂದಿತು. ವಿಚಾರಣೆಗೆ ಉತ್ತರಿಸುವ ಅವಧಿಯನ್ನು ಜೂನ್ 16ರಿಂದ 30 ಸೆಕೆಂಡುಗಳಿಂದ 10ಕ್ಕೆ ಇಳಿಸಲಾಯಿತು. ಆಗಸ್ಟ್ 1ರಿಂದ ಖಾತೆಯ ಶಿಲ್ಕು ನೋಡುವುದಕ್ಕೂ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಎಂಬ ಮಿತಿ ಬಿದ್ದಿತು.

ಕಾವಲುಗಾರನೇ ಇಲ್ಲದಿದ್ದಾಗ

ಇಷ್ಟು ಹೊತ್ತು ಪ್ರಸ್ತಾಪಿಸಿದ್ದು ಡೂಪ್ಲಿಕೇಟ್ ಕೀ ದೋಷ ಬಂದಾಗ ಏನಾಗಬೇಕು ಎಂಬ ಬಗ್ಗೆ. ಆ ದೋಷ ಬರಲೇಬೇಕಾದ ಕಡೆ ಬಾರದಿದ್ದರೆ ಏನಾದೀತು ಎಂಬುದಕ್ಕೆ ಮತದಾರರ ಗುರುತಿನ ಚೀಟಿಯ ವಿವಾದ ನಿದರ್ಶನ.

2025ರ ಫೆಬ್ರುವರಿ ಅಂತ್ಯದಲ್ಲಿ ಪಶ್ಚಿಮ ಬಂಗಾಳದ ಅಂದಿನ ರಾಜಕೀಯ ಕಾವಿನ ನಡುವೆ ಮಮತಾ ಬ್ಯಾನರ್ಜಿ ಅವರು, ತಮ್ಮ ರಾಜ್ಯದ ಮತದಾರರ ಚೀಟಿಯ ಸಂಖ್ಯೆಗಳೇ ಬೇರೆ ರಾಜ್ಯಗಳ ಮತದಾರರಿಗೂ ಇವೆ ಎಂದು ಆರೋಪಿಸಿದರು. ಮಾರ್ಚ್ 2ರಂದು ಚುನಾವಣಾ ಆಯೋಗ ಸ್ಪಷ್ಟನೆ ನೀಡಿತು. ಎಲ್ಲ ರಾಜ್ಯಗಳ ಮತದಾರರ ಪಟ್ಟಿ ‘ಇರೋನೆಟ್’ ಎಂಬ ಏಕೀಕೃತ ವೇದಿಕೆಗೆ ಸೇರುವ ಮುನ್ನ ಸಂಖ್ಯೆ ನೀಡಿಕೆ ವಿಕೇಂದ್ರೀಕೃತವಾಗಿ, ಕೈಬರಹದ ಕ್ರಮದಲ್ಲಿ ನಡೆಯುತ್ತಿತ್ತು, ಕೆಲವು ರಾಜ್ಯಗಳು ಒಂದೇ ಅಕ್ಷರ-ಅಂಕಿ ಸರಣಿಯನ್ನು ಬಳಸಿದ್ದರಿಂದ ಹೀಗಾಗಿದೆ, ಸಂಖ್ಯೆ ಒಂದೇ ಆದ ಮಾತ್ರಕ್ಕೆ ಮತದಾರರು ನಕಲಿ ಎಂದರ್ಥವಲ್ಲ ಎಂದಿತು. ಮಾರ್ಚ್ 7ರಂದು, ಇದನ್ನು ಮೂರು ತಿಂಗಳಲ್ಲಿ ಸರಿಪಡಿಸಿ ರಾಷ್ಟ್ರಮಟ್ಟದಲ್ಲಿ ಮರುಕಳಿಸದ ಸಂಖ್ಯೆ ನೀಡುವುದಾಗಿ ಪ್ರಕಟಿಸಿತು.

ಈ ಚೀಟಿಯ ಸಂಖ್ಯೆಯಲ್ಲಿ ಮೂರು ಅಕ್ಷರ, ಏಳು ಅಂಕಿ. ಅಕ್ಷರಗಳು ಸರಣಿಯನ್ನು ಸೂಚಿಸುತ್ತವೆ. ಸಾವಿರ ಲೇಖನಿಗಳು ಏಕಕಾಲಕ್ಕೆ ಬರೆಯುವಾಗ ಒಂದೊಂದಕ್ಕೂ ಪ್ರತ್ಯೇಕ ಸರಣಿ ಕೊಟ್ಟುಬಿಟ್ಟರೆ ಒಬ್ಬರನ್ನೊಬ್ಬರು ಕೇಳುವ ಅಗತ್ಯವೇ ಬೀಳುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ತರ್ಕ ತಪ್ಪಲ್ಲ. ಜಿಎಸ್‌ಟಿ ನಿಯಮವೂ ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅವಕಾಶ ಕೊಟ್ಟಿದೆ, ಕೌಂಟರಿಗೊಂದು ಸರಣಿ ಇಟ್ಟುಕೊಂಡ ದಿನಸಿ ಅಂಗಡಿಯಲ್ಲಿ 1041ರ ಜಗಳ ಹುಟ್ಟುವುದೇ ಇಲ್ಲ. ಆದರೆ ಸರಣಿಗಳ ಹಂಚಿಕೆಯೇ ಮರುಕಳಿಸದಂತೆ ನೋಡಿಕೊಳ್ಳುವ ಒಂದು ಪುಸ್ತಕ ಎಲ್ಲೋ ಒಂದು ಕಡೆ ಇರಲೇಬೇಕು. ಕ್ಷೇತ್ರ ಪುನರ್ವಿಂಗಡಣೆಯ ಬಳಿಕ 2008ರಲ್ಲಿ ಸರಣಿಗಳು ಬದಲಾದಾಗ ಕೆಲವು ಕ್ಷೇತ್ರಗಳು ಹಳೆಯದನ್ನೇ ಮುಂದುವರಿಸಿದವು, ಕೆಲವು ಕಡೆ ಬೆರಳಚ್ಚಿನ ತಪ್ಪಿನಿಂದ ಬೇರೆಯವರ ಸರಣಿ ಬಳಕೆಯಾಯಿತು ಎಂದು ಆಯೋಗದ ಮೂಲಗಳು ನಂತರ ವಿವರಿಸಿದವು. ಅಂತಹ ಬರಹವನ್ನು ‘ಇದು ಈಗಾಗಲೇ ಇದೆ’ ಎಂದು ತಡೆಯುವ ಯಂತ್ರ ಇರಲಿಲ್ಲ. ಸುಮಾರು 20 ವರ್ಷ ತಪ್ಪು ಸದ್ದಿಲ್ಲದೆ ಬೆಳೆಯಿತು.

2025ರ ಮೇ ತಿಂಗಳ ವೇಳೆಗೆ ಸಮಸ್ಯೆ ಬಗೆಹರಿದಿದೆ, ಸರಾಸರಿ ನಾಲ್ಕು ಮತಗಟ್ಟೆಗಳಿಗೆ ಒಂದರಂತೆ ಇಂತಹ ಪ್ರಕರಣಗಳು ಕಂಡುಬಂದಿದ್ದವು, ಪರಿಶೀಲಿಸಿದಾಗ ಅವರೆಲ್ಲ ಬೇರೆ ಬೇರೆ ಮತಗಟ್ಟೆಗಳ ನೈಜ ಮತದಾರರೇ ಆಗಿದ್ದರು, ಹೊಸ ಸಂಖ್ಯೆಯ ಚೀಟಿ ನೀಡಲಾಗಿದೆ ಎಂದು ಆಯೋಗದ ಮೂಲಗಳು ತಿಳಿಸಿದವು. ತಾಂತ್ರಿಕವಾಗಿ ಅಲ್ಲಿಗೆ ಮುಗಿಯಿತು. ಆದರೆ ಆ ಮೂರು ತಿಂಗಳಲ್ಲಿ ರಾಜಕೀಯ ವೇದಿಕೆಗಳಲ್ಲಿ ‘ಡೂಪ್ಲಿಕೇಟ್’ ಎಂಬ ಪದ ‘ನಕಲಿ’ಯಾಗಿಯೇ ಮೊಳಗಿತು. ಕನ್ನಡದಲ್ಲೂ ‘ನಕಲು’ ಮತ್ತು ‘ನಕಲಿ’ ನಡುವಿನ ಅಂತರ ಒಂದು ಗುಣಿತಾಕ್ಷರದಷ್ಟು. ಡೇಟಾಬೇಸ್‌ನ ದೃಷ್ಟಿಯಲ್ಲಿ ಡೂಪ್ಲಿಕೇಟ್ ಎಂದರೆ ಎರಡನೇ ಬಾರಿ ಬಂದದ್ದು ಎಂದಷ್ಟೇ, ಮೋಸದ್ದು ಎಂದಲ್ಲ. ಯಾರೋ ಮೊದಲು ಬರೆದ ಸಂಖ್ಯೆಯನ್ನೇ ತಮ್ಮ ಚೀಟಿಯಲ್ಲೂ ಪಡೆದ ನೈಜ ಮತದಾರರು, ಕಾಗದದ ತಪ್ಪಿಗೆ ತಾವೇ ಅನುಮಾನಕ್ಕೆ ಗುರಿಯಾಗಬೇಕಾಯಿತು.

ಯಾರು ಮೊದಲು?

ಘರ್ಷಣೆಯಲ್ಲಿ ಗೆಲ್ಲುವವರು ಯಾರು ಎಂಬುದು ಉಳಿದ ಪ್ರಶ್ನೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ಅನುಭವವಿದೆ. ಈ ಶತಮಾನದ ಆರಂಭದಲ್ಲಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದದ್ದಕ್ಕೆ ಮೊದಲ ವಿಲೇವಾರಿ ಎಂಬ ಕ್ರಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಯಾರ ಕಡತ ಮೇಲೆ, ಯಾರದ್ದು ಕೆಳಗೆ ಎಂಬ ನಿರ್ಧಾರ ಗ್ರಾಮ ಲೆಕ್ಕಿಗರ ಮೇಜಿನಿಂದ ಯಂತ್ರಕ್ಕೆ ಹೋಯಿತು. ಆ ಯೋಜನೆಗೆ ದೊರೆತ ಹೊಗಳಿಕೆಯ ಬಹುಪಾಲು ಕಾಗದದ ಬದಲು ಗಣಕಯಂತ್ರ ಬಂದದ್ದಕ್ಕೆ ಸಂದಿತು, ಸಲ್ಲಬೇಕಾದದ್ದು ಈ ಸರತಿಯ ನಿಯಮಕ್ಕೆ.

ಆದರೆ ‘ಮೊದಲು ಬಂದವರು’ ಎಂಬುದನ್ನು ದಿನಗಳಲ್ಲಿ ಅಳೆಯುವುದಕ್ಕೂ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅಳೆಯುವುದಕ್ಕೂ ವ್ಯತ್ಯಾಸವಿದೆ. ತಹಶೀಲ್ದಾರ್ ಕಚೇರಿಯಲ್ಲಿ ಸೋಮವಾರ ಅರ್ಜಿ ಕೊಟ್ಟವರು ಮಂಗಳವಾರದವರಿಗಿಂತ ಮೊದಲು ಎಂಬುದು ಯಾರೂ ಒಪ್ಪುವ ನ್ಯಾಯ. ತತ್ಕಾಲ್‌ನಲ್ಲಿ ಮೊದಲಿಗರಾಗುವುದು ವೇಗದ ಇಂಟರ್‌ನೆಟ್ ಇದ್ದವರು, ಇಲ್ಲವೇ ಮನುಷ್ಯರಿಗಿಂತ ಬೇಗ ಅರ್ಜಿ ತುಂಬುವ ಬಾಟ್ ತಂತ್ರಾಂಶಗಳು. ತತ್ಕಾಲ್ ಆರಂಭದ ಐದು ನಿಮಿಷಗಳ ಲಾಗಿನ್ ಯತ್ನಗಳಲ್ಲಿ ಶೇ 50ರವರೆಗೂ ಬಾಟ್‌ಗಳದ್ದೇ ಎಂದು ರೈಲ್ವೆಯೇ 2025ರ ಜೂನ್‌ನಲ್ಲಿ ಒಪ್ಪಿಕೊಂಡಿತು. ಜುಲೈ 1ರಿಂದ ಆಧಾರ್ ದೃಢೀಕರಿಸಿದವರಿಗೆ ಮಾತ್ರ ಆನ್‌ಲೈನ್ ತತ್ಕಾಲ್, ಮೊದಲ 30 ನಿಮಿಷ ಏಜೆಂಟರಿಗೆ ನಿರ್ಬಂಧ ಎಂಬ ಕ್ರಮಗಳು ಬಂದವು. ಡೇಟಾಬೇಸ್‌ನ ಕಾವಲುಗಾರನಿಗೆ ಬಂದವರು ಮನುಷ್ಯರೋ ಯಂತ್ರವೋ ತಿಳಿಯದು. ಅದನ್ನು ಬಾಗಿಲಿನಲ್ಲೇ ಬೇರ್ಪಡಿಸಬೇಕೆಂಬ ಅರಿವು ತಡವಾಗಿಯಾದರೂ ಮೂಡಿರುವುದು ಸ್ವಾಗತಾರ್ಹ.

ಅದೇ ಜೂನ್‌ನಲ್ಲಿ ಸಚಿವಾಲಯ ಇನ್ನೊಂದು ಘೋಷಣೆಯನ್ನೂ ಮಾಡಿತು. ಹೊಸ ಮುಂಗಡ ಕಾಯ್ದಿರಿಸುವಿಕೆ ವ್ಯವಸ್ಥೆಯ ಸಾಮರ್ಥ್ಯ ನಿಮಿಷಕ್ಕೆ 32,000 ಟಿಕೆಟ್‌ಗಳಿಂದ 1.5 ಲಕ್ಷಕ್ಕೂ ಹೆಚ್ಚಲಿದೆ, ವಿಚಾರಣೆಗಳ ಸಾಮರ್ಥ್ಯ 4 ಲಕ್ಷದಿಂದ 40 ಲಕ್ಷಕ್ಕೆ ಏರಲಿದೆ ಎಂಬುದು ಅದರ ಸಾರ. ಸರ್ವರ್‌ಗಳ ವೇಗ ಐದು ಪಟ್ಟು ಹೆಚ್ಚಿದ ಮಾತ್ರಕ್ಕೆ ಬರ್ತ್‌ಗಳು ಐದು ಪಟ್ಟಾಗುವುದಿಲ್ಲ. ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೋಟಾ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಅದೇ ಬರ್ತ್‌ಗೆ ಅದೇ ಕ್ಷಣದಲ್ಲಿ ಕೈಚಾಚಿ ನಿರಾಕರಣೆ ಪಡೆಯುವವರ ಸಂಖ್ಯೆ ಏರುತ್ತದೆ. ಘೋಷಣೆಯಲ್ಲಿ ನಿಮಿಷಕ್ಕೆ ಎಷ್ಟು ಟಿಕೆಟ್ ಎಂಬ ಅಂಕಿ ಇದೆ. ಟಿಕೆಟ್ ಸಿಗದವರಿಗೆ ಎಷ್ಟು ಸೆಕೆಂಡುಗಳಲ್ಲಿ, ಯಾವ ಮಾತುಗಳಲ್ಲಿ ಉತ್ತರ ಸಿಗಲಿದೆ, ಆ ಹೊತ್ತಿಗೆ ಅವರ ಹಣ ಎಲ್ಲಿರುತ್ತದೆ ಎಂಬುದಕ್ಕೂ ಅಂತಹದೇ ಒಂದು ಅಂಕಿ ನಿಗದಿಯಾಗಬೇಕಿದೆ.